ಬಿ.ಪಿ. ‘ಸ್ವಲ್ಪ ಜಾಸ್ತಿ’ ಎಂದವರೇ, ಮೂತ್ರ ಪರೀಕ್ಷೆ ಎಲ್ಲಿ?

ಬೆಳಗಾವಿ, ಖಾನಾಪುರದ ಬಾಂಧವರೇ,

ಮಾರ್ಚ್ ಎರಡನೇ ಗುರುವಾರ ವಿಶ್ವ ಮೂತ್ರಪಿಂಡ ದಿನ. ಜಾಥಾ ಹೊರಡುತ್ತದೆ, ಬ್ಯಾನರ್ ಕಟ್ಟುತ್ತಾರೆ, ಭಾಷಣಗಳಾಗುತ್ತವೆ. ಮರುದಿನ ಬಿ.ಪಿ. 134/86 ಬಂದವನಿಗೆ ಮತ್ತದೇ ಮಾತು: ‘ಸ್ವಲ್ಪ ಜಾಸ್ತಿ ಐತಿ, ಉಪ್ಪು ಕಡಿಮಿ ಮಾಡ್ರಿ, ಹೋಗ್ರಿ.’ ಅವನ ಮೂತ್ರ ಪರೀಕ್ಷೆಯ ಮಾತೇ ಇಲ್ಲ. ಇದು ಅನ್ಯಾಯ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ ಬೇರೆ ತೊಂದರೆ ಇಲ್ಲದವರಿಗೆ ಮಾತ್ರೆ ಶುರುವಾಗುವುದು 140/90ಕ್ಕೆ. ಹೃದ್ರೋಗ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರಿಗೆ ಮೇಲಿನ ಅಂಕಿ 130 ಮುಟ್ಟಿದಾಗಲೇ ಮಾತ್ರೆಯ ಯೋಚನೆ ಮಾಡಬೇಕು. ಹಾಗಿದ್ದರೆ ಕಿಡ್ನಿಯನ್ನೇ ನೋಡದೆ 134ನ್ನು ‘ಸ್ವಲ್ಪ’ ಎಂದು ತೀರ್ಮಾನಿಸಿದ್ದು ಯಾವ ಆಧಾರದ ಮೇಲೆ?

134 ಇರುವ ಎಲ್ಲರ ಕಿಡ್ನಿಯೂ ಕೆಡುತ್ತದೆ ಎಂದು ನಾವು ಹೇಳುತ್ತಿಲ್ಲ. ಯಾರದು ಕೆಡುತ್ತಿದೆ ಎಂದು ನೋಡಿ ಎನ್ನುತ್ತಿದ್ದೇವೆ. ಪ್ರತಿ ಕಿಡ್ನಿಯಲ್ಲಿ ರಕ್ತ ಸೋಸುವ ನೆಫ್ರಾನ್‌ಗಳು ಸುಮಾರು 10 ಲಕ್ಷ. ಒತ್ತಡ ವರ್ಷಗಟ್ಟಲೆ ಮೇಲೇ ಇದ್ದರೆ ಅಲ್ಲಿನ ಸಣ್ಣ ರಕ್ತನಾಳಗಳು ಪೆಡಸಾಗುತ್ತವೆ. ಕೆಟ್ಟವುಗಳ ಕೆಲಸ ಉಳಿದವುಗಳ ಮೇಲೆ ಬಿದ್ದು ಅವೂ ಸವೆಯುತ್ತವೆ. ಉಪ್ಪು, ನೀರು ಮೈಯಲ್ಲೇ ನಿಂತು ಬಿ.ಪಿ. ಇನ್ನಷ್ಟು ಏರುತ್ತದೆ. ಇಷ್ಟಾದರೂ ನೋವಿರುವುದಿಲ್ಲ. ‘ರಕ್ತದ ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲ’ ಎಂಬ ಸಮಾಧಾನ ಬೇಡ: ಅದು ಸಾಮಾನ್ಯವಾಗಿ ಮಿತಿ ದಾಟುವುದು ಸುಮಾರು ಅರ್ಧ ಶಕ್ತಿ ಹೋದ ಮೇಲೆ. ಹಲವರಲ್ಲಿ ಅದಕ್ಕೂ ಬಹಳ ಮೊದಲೇ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರತೊಡಗುತ್ತದೆ. ಪಟ್ಟಿಯೊಂದನ್ನು ಮೂತ್ರದಲ್ಲಿ ಅದ್ದಿ ಒಂದು ನಿಮಿಷ ಕಾದರೆ ಹಳದಿ ಚೌಕ ಹಸಿರಿಗೆ ತಿರುಗಿ ಅದನ್ನು ತೋರಿಸುತ್ತದೆ. ಸಣ್ಣ ಸೋರಿಕೆ ಹಿಡಿಯಲು ಲ್ಯಾಬ್ ಪರೀಕ್ಷೆ ಬೇಕು, ಮೂತ್ರದಲ್ಲಿನ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಲ್ಬುಮಿನ್ ಎಂಬುದು ಅದರ ಗಡಿ. ‘ಜ್ವರ ಬಂದರೂ ಅಲ್ಬುಮಿನ್ ಬರುತ್ತದೆ, ಜನರನ್ನು ಹೆದರಿಸಬೇಡಿ’ ಎನ್ನುವ ಪಂಡಿತರಿದ್ದಾರೆ. ಬರುತ್ತದೆ, ಅದಕ್ಕೇ 3 ತಿಂಗಳ ಬಳಿಕ ಮತ್ತೆ ನೋಡುವ ನಿಯಮವಿದೆ. ಒಮ್ಮೆಯೂ ನೋಡದವರಿಗೆ ಎರಡನೇ ಸಲದ ಚಿಂತೆ ಯಾಕೆ?

ಇನ್ನು ಕಿಡ್ನಿ ಪೂರ್ತಿ ಕೈಕೊಟ್ಟ ಮೇಲಿನ ಖರ್ಚಿನ ಮಾತು. ಬಿಪಿಎಲ್ ಕುಟುಂಬಗಳಿಗೆ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2016ರಲ್ಲೇ ಬಂದಿದೆ, ಒಳ್ಳೆಯದೇ. ಆದರೆ ಕಣಕುಂಬಿಯ ಕೂಲಿಕಾರ ವಾರಕ್ಕೆ ಎರಡು ಮೂರು ಸಲ ಬಂದು, ಪ್ರತಿ ಸಲ ನಾಲ್ಕು ತಾಸು ಯಂತ್ರದ ಪಕ್ಕ ಮಲಗಿದರೆ ಅವನ ಪಗಾರ ಯಾರು ಕೊಡುತ್ತಾರೆ? ನಾಟಿ ಕಾಲದಲ್ಲಿ ಸೊಂಟ ಹಿಡಿದವರಿಗೆ ಚೀಟಿಯಿಲ್ಲದೆ ನೋವಿನ ಗುಳಿಗಿ ಮಾರುವವರೇ, ನೀವೂ ಕೇಳಿ: ದಿನವೂ ನುಂಗುವ ಡೈಕ್ಲೋಫೆನಾಕ್ ಇದೇ ಕಿಡ್ನಿಗೆ ಹರಿಯುವ ರಕ್ತವನ್ನು ತಗ್ಗಿಸುತ್ತದೆ. ನಾಮಫಲಕದ ಭಾಷೆಗಾಗಿ ಬೀದಿಗಿಳಿಯುವ ಎರಡೂ ಕಡೆಯ ಮುಖಂಡರೇ, ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ, ಮೊದಲು ಮೂತ್ರ ಪರೀಕ್ಷೆಯ ಚೀಟಿ ಬರೆಸಿ! ಖಾನಾಪುರದಿಂದ ಬೆಳಗಾವಿಯವರೆಗೆ ಪ್ರತಿ ಸರ್ಕಾರಿ ದವಾಖಾನೆಯಲ್ಲಿ ಇದರ ವ್ಯವಸ್ಥೆ ಆಗಲೇಬೇಕು. ಬಾಂಧವರೇ, ಅಲ್ಲಿಯವರೆಗೆ ತೋಳಿನ ಬಿ.ಪಿ. ಪಟ್ಟಿ ಬಿಚ್ಚಿದ ಕೂಡಲೇ ಎದ್ದು ಬರಬೇಡಿ. ಮೂತ್ರ ಪರೀಕ್ಷೆಯ ಚೀಟಿ ಕೈಗೆ ಬಂದ ಮೇಲೆ ಏಳಿ.