ಮೆಗ್ನೀಸಿಯಂ ಮೆದುಳನ್ನು ಕಾಯುತ್ತದೆಯೇ?

‘ಡಾಕ್ಟ್ರೇ, ನಮ್ಮ ತಂದೆಯವರಿಗೆ ಕತ್ತಿನ ರಕ್ತನಾಳದ ಆಪರೇಷನ್ ಇದೆ. ಮೆಗ್ನೀಸಿಯಂ ಡ್ರಿಪ್ ಹಾಕಿದರೆ ಮೆದುಳಿಗೆ ತೊಂದರೆಯಾಗುವುದಿಲ್ಲವಂತೆ. ಹಾಕಿಸಲು ಹೇಳಲೇ?’ ಈಚೆಗೆ ನನ್ನ ಕ್ಲಿನಿಕ್ಕಿಗೆ ಬಂದ ಯುವಕರೊಬ್ಬರ ಪ್ರಶ್ನೆ ಇದು.

ಕತ್ತಿನ ಎರಡೂ ಬದಿಯ ಕ್ಯಾರೋಟಿಡ್ ಧಮನಿಗಳು ಮೆದುಳಿಗೆ ರಕ್ತ ಒಯ್ಯುತ್ತವೆ. ಅವುಗಳಲ್ಲಿ ಕೊಬ್ಬು ಕಟ್ಟಿಕೊಂಡರೆ ಪಾರ್ಶ್ವವಾಯುವಿನ ಭಯ. ಕೊಬ್ಬನ್ನು ತೆಗೆಯುವಾಗ ಶಸ್ತ್ರವೈದ್ಯರು ಸ್ವಲ್ಪ ಹೊತ್ತು ಆ ಧಮನಿಗೆ ಕ್ಲಾಂಪ್ ಹಾಕುತ್ತಾರೆ. ಆಗ ಮೆದುಳಿನ ಆ ಭಾಗ ಬಹುಮಟ್ಟಿಗೆ ಬೇರೆ ರಕ್ತನಾಳಗಳನ್ನೇ ನೆಚ್ಚಿಕೊಂಡಿರಬೇಕು. ರಕ್ತ ಸಾಲದಾದಾಗ ಕ್ಯಾಲ್ಸಿಯಂ ನರಕೋಶಗಳೊಳಗೆ ನುಗ್ಗಿ ಹಾನಿ ಮಾಡುತ್ತದೆ. ಮೆಗ್ನೀಸಿಯಂ ಅದನ್ನು ತಡೆಯಬಲ್ಲದು ಎಂಬುದು ಈ ಚಿಕಿತ್ಸೆಯ ಹಿಂದಿನ ತರ್ಕ.

ಮೆಗ್ನೀಸಿಯಂ ನಮಗೆ ಹೊಸದಲ್ಲ. ಗರ್ಭಿಣಿಯರ ರಕ್ತದೊತ್ತಡ ಏರಿ ಬರುವ ಫಿಟ್ಸ್‌ಗೆ ಇದೇ ಮುಖ್ಯ ಔಷಧ. ಆದರೆ ಪ್ರಮಾಣ ಮೀರಿದರೆ ರಕ್ತದೊತ್ತಡ ಇಳಿಯುತ್ತದೆ, ಮಂಡಿ ತಟ್ಟಿದರೆ ಕಾಲು ಚಿಮ್ಮುವುದಿಲ್ಲ, ಕೊನೆಗೆ ಉಸಿರಾಟವೇ ಕುಂದುತ್ತದೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಅದು ದೇಹದಲ್ಲೇ ಉಳಿಯುತ್ತದೆ. ಅರಿವಳಿಕೆಯ ಜೊತೆ ಕೊಡುವ, ಸ್ನಾಯು ಸಡಿಲಿಸುವ ಔಷಧಗಳ ಪರಿಣಾಮವನ್ನೂ ಹೆಚ್ಚಿಸುತ್ತದೆ. ಕ್ಲಾಂಪ್ ಹಾಕಿದ ಹೊತ್ತಿನಲ್ಲಿ ರಕ್ತದೊತ್ತಡ ಕುಸಿದರೆ ಕಾವಲುಗಾರನೇ ಕಳ್ಳನಾದಂತೆ!

2009ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯರ ಅಧ್ಯಯನದಲ್ಲಿ ಇಂಥ 108 ರೋಗಿಗಳಿದ್ದರು. ತಜ್ಞರ ನಿಗಾದಲ್ಲಿ ಕೊಟ್ಟ ಮೆಗ್ನೀಸಿಯಂ ಅವರಿಗೆ ಒಗ್ಗಿತು. ಮಾರನೆಯ ದಿನ ನೆನಪು, ಯೋಚನಾಶಕ್ತಿಗಳನ್ನು ಪರೀಕ್ಷಿಸಿದಾಗ ಔಷಧ ಪಡೆದವರಲ್ಲಿ ಕುಂದು ಕಡಿಮೆಯಿತ್ತು. ಆದರೆ ಈ ಲಾಭ ಕಂಡದ್ದು ಕಡಿಮೆ ಪ್ರಮಾಣ ಪಡೆದವರಲ್ಲಿ. ಹೆಚ್ಚು ಕೊಟ್ಟವರಲ್ಲಿ ಅಲ್ಲ.

ಹಾಗೆಂದು ಹಿಗ್ಗಬೇಡಿ. ಪಾರ್ಶ್ವವಾಯು ಬಡಿದ 1700 ಮಂದಿಗೆ ಲಾಸ್ ಏಂಜಲೀಸ್ ಸುತ್ತಮುತ್ತ ಆಂಬುಲೆನ್ಸಿನಲ್ಲೇ, ಎರಡು ಗಂಟೆಯೊಳಗೆ ಮೆಗ್ನೀಸಿಯಂ ಅಥವಾ ಔಷಧವಿಲ್ಲದ ಡ್ರಿಪ್ ಕೊಟ್ಟು ನೋಡಿದರು. 2015ರಲ್ಲಿ ಫಲಿತಾಂಶ ಬಂತು: ಗಂಭೀರ ಅಪಾಯ ಹೆಚ್ಚಲಿಲ್ಲ, ಮೂರು ತಿಂಗಳ ನಂತರ ಅಂಗವೈಕಲ್ಯವೂ ಕಡಿಮೆಯಾಗಿರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಅಪಾಯವಿಲ್ಲದ್ದೆಲ್ಲ ಉಪಯೋಗಕಾರಿಯಲ್ಲ. ನೂರೆಂಟು ರೋಗಿಗಳ ಒಂದು ಅಧ್ಯಯನ ಆಸೆ ಹುಟ್ಟಿಸಬಹುದು, ಅದನ್ನು ಎಲ್ಲರಿಗೂ ನಿಯಮ ಮಾಡಲಾಗದು. ಡ್ರಿಪ್ ಬೇಕೇ ಬೇಡವೇ ಎಂಬುದನ್ನು ಅರಿವಳಿಕೆ ತಜ್ಞರಿಗೆ ಬಿಡಿ. ಮೂತ್ರಪಿಂಡದ ತೊಂದರೆಯಿದ್ದರೆ, ತೆಗೆದುಕೊಳ್ಳುತ್ತಿರುವ ಮಾತ್ರೆಗಳಿದ್ದರೆ ಅವರಿಗೆ ಮುಚ್ಚಿಡದೆ ಹೇಳಿ. ಅಂಗಡಿಯಿಂದ ಮೆಗ್ನೀಸಿಯಂ ಮಾತ್ರೆ ತಂದು ನುಂಗಿಸಬೇಡಿ.

ಮೆದುಳನ್ನು ಕಾಯುವ ನಿಜವಾದ ದಾರಿ ಬೇರೆಯೇ ಇದೆ. ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಕೈ ಸೋತು, ಅಥವಾ ಒಂದು ಕಣ್ಣಿಗೆ ಕತ್ತಲೆ ಕವಿದು, ಹತ್ತೇ ನಿಮಿಷದಲ್ಲಿ ಸರಿಹೋದರೂ ‘ಗ್ಯಾಸ್ ಇರಬೇಕು’ ಎಂದು ಮಲಗಿಸಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಶಸ್ತ್ರಚಿಕಿತ್ಸೆ ಬೇಕಾದರೆ ಎರಡು ವಾರದೊಳಗೆ ಆದಷ್ಟೂ ಲಾಭ ಹೆಚ್ಚು. ಬೀಡಿ, ಸಿಗರೇಟು ಬಿಡಿಸಿ. ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡಿ.

ಆ ಯುವಕರ ತಂದೆಗೆ ಎರಡು ಸಲ ಹೀಗೆ ಕೈ ಸೋತಿತ್ತಂತೆ. ಮೊದಲ ಸಲವೇ ಬಂದಿದ್ದರೆ ಎಂದು ನನಗೆ ಈಗಲೂ ಅನ್ನಿಸುತ್ತದೆ.