ಎತ್ತರವೊಂದೇ ಕಾಪಾಡದು

ಸ್ಕೋಡಾ ಸ್ಲಾವಿಯಾ ನಮ್ಮ ರಸ್ತೆಗೆ ಹೇಳಿಸಿದ್ದಲ್ಲ, ಹಂಪ್ ಕಂಡಲ್ಲೆಲ್ಲ ತಳ ಉಜ್ಜುತ್ತದೆ, ಸುರಕ್ಷತೆ ಬೇಕಿದ್ದರೆ ಕ್ರೆಟಾದಂಥ ಎಸ್‌ಯುವಿಯೇ ಸರಿ ಎಂದು ಲೇಖನವೊಂದರಲ್ಲಿ ಬರೆದ ಲೇಖಕರ ತೀರ್ಪು ಆತುರದ್ದು.

ಭಾರತಕ್ಕೆಂದೇ ರೂಪಿಸಿ, ಪುಣೆ ಬಳಿಯ ಚಾಕಣದಲ್ಲಿ ತಯಾರಿಸುವ ಈ ಸೆಡಾನ್‌ನ ತಳಕ್ಕೂ ನೆಲಕ್ಕೂ 179 ಮಿ.ಮೀ. ಅಂತರವಿದೆ. ಕ್ರೆಟಾದ್ದು 190. ಬರೀ 11 ಮಿ.ಮೀ.ಗೆ ಇಷ್ಟು ಗಲಾಟೆಯೇ?

ಇನ್ನು ಸುರಕ್ಷತೆ: ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2022ರಲ್ಲಿ ಆಗಿನ ಕ್ರೆಟಾಕ್ಕೆ ಕೊಟ್ಟದ್ದು ಮೂರು ಸ್ಟಾರ್. 2023ರಲ್ಲಿ, ಇನ್ನಷ್ಟು ಬಿಗಿಯಾದ ನಿಯಮಗಳಡಿ, ಸ್ಲಾವಿಯಾ ದೊಡ್ಡವರ ವಿಭಾಗದಲ್ಲೂ ಮಕ್ಕಳ ವಿಭಾಗದಲ್ಲೂ ಐದು ಪಡೆಯಿತು. ಎತ್ತರ ನಂಬಿ ಮನೆಮಂದಿಯನ್ನು ಕೂರಿಸಿಕೊಂಡು ಹೊರಡುವವರಿಗೆ ಇದನ್ನು ಹೇಳದೆ ಬಿಟ್ಟದ್ದು ಸಣ್ಣ ಲೋಪವಲ್ಲ.

ಮೊಣಕಾಲು ನೋವಿನ ಹಿರಿಯರಿಗೆ ತಗ್ಗಿನ ಸೀಟು ಕಷ್ಟ, ನಿಜ. ಆದರೆ ಲೇಖಕರು ಡಿಕ್ಕಿಯನ್ನೂ ತೆರೆದು ನೋಡಬೇಕಿತ್ತು: 521 ಲೀಟರ್ ಜಾಗ, ಮದುವೆಗೆ ಹೊರಟವರ ಸೂಟ್‌ಕೇಸುಗಳ ಜೊತೆಗೆ ತಾಂಬೂಲದ ಚೀಲಗಳೂ ಹಿಡಿಯುವಷ್ಟು.