ತುಣುಕುಗಳ ಎಣಿಕೆಯೊಂದೇ ಸಾಲದು

ಗಣಕಯಂತ್ರದ ಡಿಸ್ಕಿನಲ್ಲಿ ಒಂದು ಕಡತವು ಯಾವಾಗಲೂ ಒಂದೇ ಕಡೆ ಇರುತ್ತದೆಯೆಂದು ಭಾವಿಸಬಾರದು. ಒಟ್ಟಾಗಿ ಸ್ಥಳ ದೊರೆಯದಿದ್ದಾಗ, ಒಬ್ಬನೇ ರೈತನ ಹಿಡುವಳಿಯು ಊರಿನ ನಾಲ್ಕು ದಿಕ್ಕಿಗೆ ಚದುರಿರುವಂತೆ, ಅದು ಬೇರೆ ಬೇರೆ ಎಡೆಗಳಲ್ಲಿ ನೆಲೆಸುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಇದನ್ನು ತಿಳಿಸುವ ಆಜ್ಞೆಗೆ ‘ಫೈಲ್‌ಫ್ರಾಗ್’ ಎಂದು ಹೆಸರು. ಕಡತವು ಎಷ್ಟು ತುಣುಕಾಗಿದೆಯೆಂದು ಅದು ಒಂದೇ ಸಾಲಿನಲ್ಲಿ ಹೇಳುತ್ತದೆ. ವಿವರ ಕೇಳಿದರೆ ತುಣುಕುಗಳ ಉದ್ದನೆಯ ಪಟ್ಟಿಯನ್ನೇ ಮುಂದಿಡುತ್ತದೆ. ಇವೆರಡರ ನಡುವೆ ಅರ್ಥವತ್ತಾದ ಸಾರಾಂಶವೊಂದು ಬೇಕೆಂಬುದು ನಮ್ಮ ವಾದ.

ಕಾರಣವನ್ನು ನೋಡೋಣ. ನಿಮಿಷಕ್ಕೆ ೭,೨೦೦ ಸಲ ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ ೮.೩ ಮಿಲಿಸೆಕೆಂಡು ಬೇಕು. ಬೇಕಾದ ಭಾಗವು ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತಲೆಯು ಸರಿಯುವ ಕಾಲವೂ ಸೇರಿದರೆ ಒಂದೊಂದು ನೆಗೆತಕ್ಕೆ ಸುಮಾರು ೧೨ ಮಿಲಿಸೆಕೆಂಡು. ೮ ತುಣುಕಾದ ಕಡತಕ್ಕೆ ೭ ನೆಗೆತ, ಎಂದರೆ ೮೪ ಮಿಲಿಸೆಕೆಂಡು. ಕಡತವು ಒಂದು ಗಿಗಾಬೈಟಿನದಾದರೆ ಅದನ್ನು ಓದಲು ಹಲವು ಸೆಕೆಂಡುಗಳೇ ಹಿಡಿಯುವುದರಿಂದ ಈ ವಿಳಂಬವು ಲೆಕ್ಕಕ್ಕೇ ಬಾರದು. ಕಡತವು ೩೨ ಕಿಲೋಬೈಟಿನದಾದರೆ ಓದುವ ಕೆಲಸ ಒಂದು ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ. ಮಿಕ್ಕ ಕಾಲವೆಲ್ಲ ಅಲೆದಾಟಕ್ಕೇ ಹೋಗುತ್ತದೆ. ಎರಡಕ್ಕೂ ಆಜ್ಞೆಯು ಕೊಡುವ ಉತ್ತರ ಮಾತ್ರ ಒಂದೇ: ಎಂಟು!

ಇನ್ನೊಂದು ತೊಡಕುಂಟು. ಬಿಟಿಆರ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯು ಮಾಹಿತಿಯನ್ನು ಕುಗ್ಗಿಸಿಡುವಾಗ ೧೨೮ ಕಿಲೋಬೈಟಿಗೆ ಮೀರದ ಭಾಗಗಳಾಗಿ ವಿಂಗಡಿಸುತ್ತದೆ. ಒಂದು ಗಿಗಾಬೈಟಿನ ಕಡತದ ಭಾಗಗಳು ಒಂದರ ಮಗ್ಗುಲಿಗೊಂದು ಒತ್ತಾಗಿದ್ದರೂ ಎಣಿಕೆಯು ೮,೧೯೨ ಎಂದು ಬರಬಹುದು. ಇದನ್ನು ಕಂಡು ಗಾಬರಿಯಾದವನು ಕಡತವನ್ನು ಮತ್ತೆ ಒಗ್ಗೂಡಿಸಲು ತೊಡಗುತ್ತಾನೆ. ಆ ಕಡತವು ಹಳೆಯ ಪ್ರತಿಗಳೊಡನೆ ಸ್ಥಳವನ್ನು ಹಂಚಿಕೊಂಡಿದ್ದರೆ ಆ ಹಂಚಿಕೆ ಮುರಿದು, ಡಿಸ್ಕು ಬೇಗ ತುಂಬುತ್ತದೆ. ಸರಿಯುವ ತಲೆಯೇ ಇಲ್ಲದ ಫ್ಲ್ಯಾಶ್ ಸಂಗ್ರಹದಲ್ಲಂತೂ ಪ್ರಯೋಜನ ಅತ್ಯಲ್ಪ. ಬರೆಹದ ಸವೆತ ಮಾತ್ರ ನಿಶ್ಚಯ.

ಆದುದರಿಂದ ಎಣಿಕೆಯ ಜೊತೆಗೆ ಕಡತದ ಗಾತ್ರ, ತುಣುಕಿನ ಸರಾಸರಿ ಗಾತ್ರ, ನಿಜವಾದ ನೆಗೆತಗಳ ಸಂಖ್ಯೆ ಇವನ್ನೂ ಆ ಸಾಲು ಹೇಳಬೇಕು. ಕುಗ್ಗಿಸಿದ ಭಾಗಗಳಿಗೆ ಕರ್ನಲ್ ಕೊಡುವ ಉತ್ತರದಲ್ಲಿಯೇ ಗುರುತುಂಟು. ಅದನ್ನು ಕಂಡೊಡನೆ ಎಣಿಕೆಯನ್ನು ನೆಚ್ಚಬೇಡಿರೆಂದು ಎಚ್ಚರಿಸುವುದು ಕಷ್ಟವೇನಲ್ಲ. ಅಳತೆಯ ಉಪಕರಣವು ಅಂಕಿಯನ್ನು ಕೊಟ್ಟರೆ ಸಾಲದು. ಆ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನೂ ತಿಳಿಸಬೇಕು.